ಹೊಯ್ಸಳ ನಾಡಿನ ರೂವಾರಿಗಳು



ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿ ಬಂದವರನ್ನು "ಇದನ್ನು ಕಟ್ಟಿಸಿದವರಾರು?" ಎಂದು ಕೇಳಿದರೆ, ವಿಷ್ಣುವರ್ಧನ ಮಹಾರಾಜನ ಹೆಸರು ಒಡನೆಯೇ ಬರುತ್ತದೆ. "ಕಟ್ಟಿದವರಾರು?" ಎಂದು ಕೇಳಿದರೆ, ಜಕಣಾಚಾರಿ ಎಂಬ ಉತ್ತರವು ಅಷ್ಟೇ ಬೇಗನೆ ಬರುತ್ತದೆ. ಮೊದಲನೆಯ ಉತ್ತರಕ್ಕೆ ಶಾಸನದ ಆಧಾರವುಂಟು, ಕ್ರಿ. ಶ. 1117ರಲ್ಲಿ ಆ ದೇವರ ಪ್ರತಿಷ್ಠೆ ನಡೆಯಿತೆಂದು ಕಲ್ಲೇ ಹೇಳುತ್ತದೆ. ಎರಡನೆಯ ಉತ್ತರಕ್ಕೆ ಅಂತಹ ಆಧಾರವಿಲ್ಲ. ಆದರೆ ಅದೇ ಗುಡಿಯ ಗೋಡೆಗಳ ಮೇಲೆ, ವಿಗ್ರಹಗಳ ಪೀಠಗಳ ಮೇಲೆ, ಅವುಗಳನ್ನು ಕಡೆದವರು ತಮ್ಮ ಹೆಸರುಗಳನ್ನು ತಾವೇ ಕೊರೆದಿಟ್ಟು ಹೋಗಿದ್ದಾರೆ. ಒಂದು ಹೆಸರಲ್ಲ, ಎರಡಲ್ಲ, ಅನೇಕ ಹೆಸರುಗಳು. ಇಲ್ಲದ ಹೆಸರನ್ನು ನೆನೆಯುತ್ತ, ಇರುವ ಹೆಸರುಗಳ ಕೆಳಗೆ ನಿಂತು ನಾವು ಹಿಂದಿರುಗುತ್ತಿದ್ದೇವೆ.

ಬೇಲೂರು ಹಳೇಬೀಡುಗಳ ಶಿಲ್ಪಸೌಂದರ್ಯವನ್ನು ವರ್ಣಿಸುವುದು ಈ ಭಾಷಣದ ಉದ್ದೇಶವಲ್ಲ. ಆ ಕೆಲಸವನ್ನು ಬಲ್ಲವರು ಬೇಕಾದಷ್ಟು ಮಾಡಿದ್ದಾರೆ. ಆ ಗುಡಿಗಳನ್ನು ಕೈಯಿಂದ ಕಟ್ಟಿದ ಜನರು ಎಂತಹವರು, ಎಲ್ಲಿಂದ ಬಂದರು, ಹೇಗೆ ಕೂಡಿ ದುಡಿದರು, ಯಾವುದನ್ನು ತಮ್ಮ ಹೆಮ್ಮೆಯೆಂದು ಎಣಿಸಿದರು ಎಂಬುದನ್ನು, ಅವರೇ ಬಿಟ್ಟುಹೋದ ಬರೆಹಗಳಿಂದಲೂ ಕಲ್ಲಿನ ಕೆಲಸದಿಂದಲೂ ತಿಳಿಯಲು ಸಾಧ್ಯವಾದಷ್ಟನ್ನು ತಮ್ಮ ಮುಂದೆ ಇಡುವುದಷ್ಟೇ ನನ್ನ ಪ್ರಯತ್ನ.

ಜಕಣಾಚಾರಿಯ ಕಥೆ ತಮಗೆಲ್ಲ ತಿಳಿದದ್ದೇ. ತುಮಕೂರಿನ ಬಳಿಯ ಕೈದಾಳದವನಾದ ಆ ಶಿಲ್ಪಿಯು ಹೆಂಡತಿಯನ್ನೂ ಹುಟ್ಟಲಿರುವ ಮಗುವನ್ನೂ ಬಿಟ್ಟು ಊರೂರು ಅಲೆದು ಗುಡಿಗಳನ್ನು ಕಟ್ಟಿದನಂತೆ. ಮಗ ಡಂಕಣನು ಬೆಳೆದು ತಂದೆಯನ್ನು ಹುಡುಕಿಕೊಂಡು ಬೇಲೂರಿಗೆ ಬಂದು, ತಂದೆ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದನಂತೆ. ಹೊಕ್ಕುಳಿನ ಬಳಿ ಉಳಿ ತಾಗಿಸಲು ನೀರೂ ಮರಳೂ ಕಪ್ಪೆಯೂ ಹೊರಬಂದುವಂತೆ. ತಂದೆ ತನ್ನ ಬಲಗೈಯನ್ನೇ ಕಡಿದುಕೊಂಡನಂತೆ. ಕಥೆ ಸೊಗಸಾಗಿದೆ. ಅದನ್ನು ಹೇಳಿಕೊಂಡು ಬಂದ ಜನರಿಗೆ ಶಿಲ್ಪಿಯ ವಿಷಯದಲ್ಲಿ ಗೌರವವಿತ್ತೆಂಬುದೂ ನಿಜ. ಆದರೆ ಅದು ನೂರಾರು ಜನರ ದುಡಿಮೆಯನ್ನು ಒಬ್ಬ ಮಹಾಪುರುಷನ ತಲೆಗೆ ಕಟ್ಟಿಬಿಡುತ್ತದೆ. ಕಲೆಯೆಂಬುದು ಒಬ್ಬಂಟಿಯ ಪವಾಡವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

ಈಗ ಕಲ್ಲು ಹೇಳುವ ಕಥೆಯನ್ನು ಕೇಳಿರಿ. ಅಲ್ಲಿಯೂ ಒಬ್ಬ ತಂದೆ, ಒಬ್ಬ ಮಗ ಇದ್ದಾರೆ. ತಂದೆಯ ಹೆಸರು ದಾಸೋಜ, ಮಗನ ಹೆಸರು ಚಾವಣ. ಬೇಲೂರಿನ ಗುಡಿಯ ಸೂರಿನ ಕೆಳಗೆ ಒರಗಿ ನಿಂತಿರುವ, ನಾವು ಮದನಿಕೆಯರೆಂದೂ ಶಿಲಾಬಾಲಿಕೆಯರೆಂದೂ ಕರೆಯುವ ವಿಗ್ರಹಗಳು ಒಟ್ಟು 42. ಅವುಗಳಲ್ಲಿ 38 ಹೊರಗೂ 4 ಒಳಗೂ ಇವೆ. ಇವುಗಳಲ್ಲಿ ನಾಲ್ಕು ದಾಸೋಜನ ಕೈಕೆಲಸ, ಐದು ಚಾವಣನ ಕೈಕೆಲಸವೆಂದು ಅಲ್ಲಿಯ ಬರೆಹಗಳಿಂದ ತಿಳಿಯುತ್ತದೆ. ಮಗನು ತನ್ನ ಹೆಸರನ್ನು ಬರೆಯುವಾಗ ತಂದೆಯ ಹೆಸರನ್ನು ಬಿಡುವುದಿಲ್ಲ. ದಾಸೋಜನ ಮಗನೆಂದು ಹೇಳಿಕೊಂಡೇ ತನ್ನನ್ನು ಹೇಳಿಕೊಳ್ಳುತ್ತಾನೆ. ಕಥೆಯ ಮಗ ತಂದೆಯ ಕೆಲಸದಲ್ಲಿ ದೋಷವನ್ನು ತೋರಿಸಿದನು. ಕಲ್ಲಿನ ಮಗ ತಂದೆಯ ಪಕ್ಕದಲ್ಲಿ ಸಾರುವೆಯ ಮೇಲೆ ನಿಂತು ಕೆಲಸ ಮಾಡಿದನು. ಒಂದೇ ಗುಡಿಯಲ್ಲಿ, ಒಂದೇ ಬಗೆಯ ವಿಗ್ರಹಗಳಲ್ಲಿ, ತಂದೆಗಿಂತ ಒಂದನ್ನು ಹೆಚ್ಚಾಗಿಯೇ ಮಾಡಿದನು. ವಿದ್ಯೆಯು ಮನೆಯೊಳಗೆ ಕೈಯಿಂದ ಕೈಗೆ ಹೋಗುತ್ತಿದ್ದ ರೀತಿಗೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ಬೇಕಿಲ್ಲ.

ಇವರು ಬೇಲೂರಿನವರಲ್ಲ ಎಂಬುದು ಗಮನಿಸತಕ್ಕ ಸಂಗತಿ. ದಾಸೋಜನು ಬಳ್ಳಿಗಾವೆಯವನು, ಎಂದರೆ ಈಗಿನ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಳ್ಳಿಗಾವಿಯವನು. ಅದೇ ಗುಡಿಯಲ್ಲಿ ಹೆಸರು ಬಿಟ್ಟುಹೋದ ನಾಗೋಜನು ಗದಗಿನವನು. ಮಲ್ಲಿಯಣ್ಣ, ಚಿಕ್ಕಹಂಪ, ಮಲ್ಲೋಜ ಮೊದಲಾದ ಇನ್ನಿತರರ ಹೆಸರುಗಳೂ ಅಲ್ಲಿವೆ. ಬಳ್ಳಿಗಾವೆ, ಗದಗು, ಲಕ್ಕುಂಡಿಗಳು ಆ ಕಾಲದಲ್ಲಿ ಕಲ್ಯಾಣದ ಚಾಳುಕ್ಯರ ಆಳ್ವಿಕೆಯಲ್ಲಿದ್ದ ಊರುಗಳು. ವಿಷ್ಣುವರ್ಧನನು ಆಗಿನ್ನೂ ಚಾಳುಕ್ಯರ ಸಾಮಂತನೇ. ಚೋಳರಿಂದ ತಲಕಾಡನ್ನು ಗೆದ್ದು ಒಂದೆರಡು ವರ್ಷವೂ ಆಗಿರಲಿಲ್ಲ. ತನ್ನ ವಿಜಯಕ್ಕೆ ತಕ್ಕ ದೇವಾಲಯವನ್ನು ಎತ್ತಬೇಕೆಂದಾಗ, ನುರಿತ ಕೈಗಳು ಮೇಲಣ ನಾಡಿನಿಂದ ಇಳಿದು ಬಂದುವು. ಅರಸರೊಳಗೆ ಹಗೆ ಇರಲಿ ಸ್ನೇಹವಿರಲಿ, ಶಿಲ್ಪಿಯ ದಾರಿಗೆ ಅದು ಅಡ್ಡಿಯಾಗಲಿಲ್ಲ. ಆತನು ಒಬ್ಬ ಅರಸನ ಮನೆಯ ಸೇವಕನಾಗಿರದೆ, ಕೆಲಸವಿದ್ದಲ್ಲಿಗೆ ತನ್ನ ಉಳಿ ಕೊಡತಿಗಳೊಡನೆ ಹೋಗಬಲ್ಲ ಸ್ವತಂತ್ರನಾಗಿದ್ದನೆಂದು ಇದರಿಂದ ತಿಳಿಯಬಹುದು.

ಅವರು ತಮ್ಮನ್ನು ಕರೆದುಕೊಂಡ ಮಾತು 'ರೂವಾರಿ' ಎಂಬುದು. ರೂಪವನ್ನು ಮಾಡುವವನು ರೂಪಕಾರಿ. ಅದೇ ಕನ್ನಡದ ಬಾಯಲ್ಲಿ ರೂವಾರಿಯಾಯಿತು. ದಾಸೋಜ, ನಾಗೋಜ, ಮಲ್ಲೋಜ ಎಂಬ ಹೆಸರುಗಳ ತುದಿಯಲ್ಲಿರುವ 'ಓಜ' ಎಂಬುದು ಸಂಸ್ಕೃತದ 'ಉಪಾಧ್ಯಾಯ' ಶಬ್ದವೇ ಪ್ರಾಕೃತದ ಮೂಲಕ ಸವೆದು ಉಳಿದ ರೂಪ. ಕಲ್ಲು ಕಡೆಯುವವನನ್ನು ನಮ್ಮ ಹಿಂದಿನವರು ಉಪಾಧ್ಯಾಯನೆಂದು ಕರೆದರು. ಕೈಯ ವಿದ್ಯೆ ಬೇರೆ, ತಲೆಯ ವಿದ್ಯೆ ಬೇರೆ ಎಂದು ಎಣಿಸುವ ನಾವು ಈ ಎರಡಕ್ಷರವನ್ನು ಕುರಿತು ಸ್ವಲ್ಪ ಹೊತ್ತು ಯೋಚಿಸುವುದು ಒಳ್ಳೆಯದು.

ಇನ್ನು ಅವರ ಬಿರುದುಗಳು. ಯುದ್ಧದಲ್ಲಿ ಗೆದ್ದ ವೀರರಿಗೂ ವಾದದಲ್ಲಿ ಗೆದ್ದ ಪಂಡಿತರಿಗೂ ಬಿರುದುಗಳಿದ್ದಂತೆ ರೂವಾರಿಗಳಿಗೂ ಇದ್ದುವು. ಚಾವಣನು ತಾನು ಬಿರುದುಳ್ಳ ರೂವಾರಿಗಳೆಂಬ ಮನ್ಮಥರಿಗೆ ಮಹೇಶ್ವರನೆಂದು ಹೇಳಿಕೊಳ್ಳುತ್ತಾನೆ. ಎಂದರೆ, ಎದುರಾಳಿಗಳನ್ನು ಕಣ್ಣಿನ ಉರಿಯಿಂದಲೇ ಸುಟ್ಟುಬಿಡುವವನೆಂದರ್ಥ. ಮತ್ತೊಬ್ಬನು ಬಿರುದುಳ್ಳ ರೂವಾರಿಗಳೆಂಬ ಬೆಟ್ಟಗಳಿಗೆ ತಾನು ವಜ್ರಾಯುಧವೆನ್ನುತ್ತಾನೆ. ಕೇಳಿದರೆ ನಗು ಬರಬಹುದು. ಆದರೆ ಈ ಜಂಬದ ಹಿಂದೆ ಒಂದು ಸಮಾಜವಿದೆ. ಸುಡಬೇಕಾದ, ಸೀಳಬೇಕಾದ ಎದುರಾಳಿಗಳು ಯಾರು? ಅವರೂ ಬಿರುದುಳ್ಳ ರೂವಾರಿಗಳೇ. ಕೆಲಸದ ಒಳ್ಳೆಯದು ಕೆಟ್ಟದ್ದನ್ನು ಅಳೆಯಬಲ್ಲವರು ತಮ್ಮ ಕಸುಬಿನವರೇ ಎಂದು ಅವರು ತಿಳಿದಿದ್ದರು. ಅರಸನು ಕೊಟ್ಟ ಹಣಕ್ಕಿಂತ ಪಕ್ಕದ ಸಾರುವೆಯವನು ಕೊಟ್ಟ ಮೆಚ್ಚಿಕೆ ಅವರಿಗೆ ದೊಡ್ಡದಾಗಿದ್ದಿರಬೇಕು.

ಈ ಪೈಪೋಟಿಯು ಒಂದೇ ಗೋಡೆಯ ಮೇಲೆ ಹೇಗೆ ಒಗ್ಗಟ್ಟಿನೊಡನೆ ಬಾಳಿತೆಂಬುದನ್ನು ನುಗ್ಗೇಹಳ್ಳಿಯಲ್ಲಿ ನೋಡಬಹುದು. ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವು 1246ರಲ್ಲಿ ಬೊಮ್ಮಣ್ಣ ದಂಡನಾಯಕನಿಂದ ನಿರ್ಮಿತವಾದುದು. ಅದರ ದಕ್ಷಿಣದ ಪಾರ್ಶ್ವದಲ್ಲಿ ಬೈಚೋಜನೆಂಬ ಶಿಲ್ಪಿಯ ಹೆಸರೂ, ಉತ್ತರದ ಪಾರ್ಶ್ವದಲ್ಲಿ ಮಲ್ಲಿತಮ್ಮನೆಂಬುವನ ಹೆಸರೂ ಕಾಣಬರುತ್ತವೆ. ಗುಡಿಯನ್ನು ನಡುವೆ ಇಟ್ಟುಕೊಂಡು ಇಬ್ಬರು ದೊಡ್ಡ ಶಿಲ್ಪಿಗಳು ಕೆಲಸವನ್ನು ಹಂಚಿಕೊಂಡರು. ಇಬ್ಬರ ಕೈಯ ಬೆಡಗೂ ಬೇರೆ. ಆದರೂ ಪಟ್ಟಿಕೆಗಳ ಎತ್ತರ, ಮೂರ್ತಿಗಳ ಅಳತೆ, ಮೂಲೆಗಳ ತಿರುವು ಎಲ್ಲವೂ ಒಂದಕ್ಕೊಂದು ಸರಿಗೂಡುತ್ತವೆ. ಅಳತೆಯಲ್ಲಿ ಒಪ್ಪಂದ, ಕೈಯಲ್ಲಿ ಸ್ವಾತಂತ್ರ್ಯ: ಇದು ಹೊಯ್ಸಳ ಶಿಲ್ಪಿಗಳ ಕೂಟದ ಧರ್ಮವಾಗಿತ್ತೆನ್ನಬಹುದು.

ಇನ್ನು ಅವರ ದಿನದ ಕೆಲಸವನ್ನು ನೋಡೋಣ. ಅದಕ್ಕೆ ಮೊದಲು ಕಲ್ಲನ್ನು ಅರಿಯಬೇಕು. ಈ ಗುಡಿಗಳ ಕಲ್ಲು ನಮ್ಮ ನಾಡಿನ ಸಾಮಾನ್ಯವಾದ ಬೆಣಚುಕಲ್ಲಲ್ಲ. ಶ್ರವಣಬೆಳಗೊಳದ ಗೊಮ್ಮಟನಂತೆ ಕಗ್ಗಲ್ಲೂ ಅಲ್ಲ. ಇದು ಬಳಪದ ಕಲ್ಲು. ಶಾಲೆಯ ಮಕ್ಕಳ ಬಳಪಕ್ಕೆ ಒದಗುವ ಕಲ್ಲಿನ ಜಾತಿಗೇ ಇದು ಸೇರಿದುದು. ಶಿಲಾಶಾಸ್ತ್ರಜ್ಞರು ಇದನ್ನು ಕ್ಲೋರೈಟ್ ಬೆರೆತ ಪದರುಶಿಲೆಯೆನ್ನುತ್ತಾರೆ. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆ ಗಡುಸಾಗುತ್ತ ಬರುತ್ತದೆ. ಆದುದರಿಂದಲೇ ಬೆರಳಿನ ಉಂಗುರವನ್ನೂ ಕೊರಳ ಸರದ ಮಣಿಗಳ ನಡುವಣ ಸಂದನ್ನೂ ಬಿಡಿಸುವುದು ಸಾಧ್ಯವಾಯಿತು. ಈ ಕಲ್ಲಿನ ಪಳಕ ಗದಗು ಲಕ್ಕುಂಡಿಯ ಕಡೆಯ ಶಿಲ್ಪಿಗಳಿಗೆ ಹನ್ನೊಂದನೆಯ ಶತಮಾನದಿಂದಲೇ ಇತ್ತು. ದಾಸೋಜ ನಾಗೋಜರಂಥವರು ಬೇಲೂರಿಗೆ ತಂದದ್ದು ಬರಿಯ ಕೈಬಲವಲ್ಲ, ಆ ಕಲ್ಲಿನ ಸ್ವಭಾವದ ತಿಳಿವಳಿಕೆ.

ಕಲ್ಲು ಮೃದುವಾದರೂ ಉಳಿಯ ಮೊನೆ ಸವೆಯುವುದು ತಪ್ಪುವುದಿಲ್ಲ. ಉಳಿಯನ್ನು ಕುಲುಮೆಗೆ ಕೊಟ್ಟು, ಕಾಯಿಸಿ, ಬಡಿದು, ಹದ ಹಾಕಿಸಿ ತರಬೇಕು. ಆದಕಾರಣ ಕಲ್ಲುಕುಟಿಗನಿದ್ದಲ್ಲಿ ಕಮ್ಮಾರನಿರಲೇಬೇಕು. ಭಾರವಾದ ತೊಲೆಗಳನ್ನು ಮೇಲೆತ್ತಲು ಮರದ ಸಾರುವೆ ಬೇಕು. ಆದುದರಿಂದ ಬಡಗಿ ಬೇಕು. ಬಾಗಿಲಿಗೆ, ದೀಪಕ್ಕೆ, ಗಂಟೆಗೆ ಕಂಚುಗಾರ ಬೇಕು. ದೇವರ ಆಭರಣಕ್ಕೆ ಅಕ್ಕಸಾಲೆ ಬೇಕು. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ಕಸುಬುಗಳವರು ತಾವು ಒಂದೇ ಕುಲದವರೆಂದೂ ವಿಶ್ವಕರ್ಮನ ಸಂತತಿಯೆಂದೂ ಹೇಳಿಕೊಳ್ಳುವುದು ಬರಿಯ ಪುರಾಣವಲ್ಲ. ಅದು ಕೆಲಸದ ದಾರಿಯೇ ಕಲಿಸಿದ ನಂಟು. ಮದನಿಕೆಯ ಮೈಮೇಲಿನ ಒಡವೆಗಳನ್ನು ನೋಡಿದವರಿಗೆ, ಅದನ್ನು ಕಡೆದವನು ಅಕ್ಕಸಾಲೆಯ ಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡಿದವನೆಂಬುದು ಹೊಳೆಯದೆ ಇರದು.

ಕೆಲಸದ ಆರಂಭ ಉಳಿಯಿಂದಲ್ಲ, ಹಗ್ಗದಿಂದ. ಇದಕ್ಕೆ ಅರಸೀಕೆರೆಯ ಈಶ್ವರ ದೇವಾಲಯವು ಒಳ್ಳೆಯ ಉದಾಹರಣೆ. ಅರಸಿಯ ಕೆರೆಯೆಂಬುದೇ ಆ ಊರಿನ ಹೆಸರಿನ ಅರ್ಥ. ಈಗ ಬಹುಮಂದಿಗೆ ಅದು ರೈಲು ಬದಲಾಯಿಸುವ ಜಂಕ್ಷನ್ ಮಾತ್ರ. ನಿಲ್ದಾಣದಿಂದ ಹೊರಬಂದು ಆ ಗುಡಿಯನ್ನು ನೋಡುವವರು ಕಡಿಮೆ. ಸುಮಾರು 1220ರಲ್ಲಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಆ ಗುಡಿಯ ಮುಂದಣ ತೆರೆದ ಮಂಟಪವು 16 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ; ಅದರ ಒಳಮಾಳಿಗೆ ಗುಮ್ಮಟದಂತೆ ಮೇಲಕ್ಕೆ ಕುಗ್ಗುತ್ತ ಹೋಗಿದೆ. ಇಂತಹ ಆಕಾರವನ್ನು ನೆಲದ ಮೇಲೆ ಬರೆಯುವ ಬಗೆಯನ್ನು ತಾವು ಮನೆಯಲ್ಲಿಯೇ ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಚೌಕವನ್ನು ಬರೆಯಿರಿ. ಅದರ ನಡುಬಿಂದುವನ್ನು ಬಿಡದೆ, ಅದೇ ಅಳತೆಯ ಚೌಕವನ್ನು ಸಮಕೋನದ ನಾಲ್ಕನೆಯ ಒಂದು ಪಾಲಿನಷ್ಟು ತಿರುಗಿಸಿ ಮತ್ತೆ ಬರೆಯಿರಿ. ಹೀಗೆಯೇ ಮುಂದುವರಿಸಿ ನಾಲ್ಕು ಚೌಕಗಳಾದರೆ 16 ಮೂಲೆಗಳ ನಕ್ಷತ್ರ ಮೂಡುತ್ತದೆ. ಒಂದು ಗೂಟ, ಒಂದು ಹಗ್ಗ, ಒಂದು ಮೂಲೆಮಟ್ಟ ಇಷ್ಟಿದ್ದರೆ ಸಾಕು. ಆದರೆ ತಳದಲ್ಲಿ ಬರೆದ ಆ ಮೂಲೆಗಳನ್ನು ಒಂದು ಎಳೆಯೂ ತಪ್ಪದೆ ಗೋಡೆಯ ತುದಿಯವರೆಗೂ ಕೊಂಡೊಯ್ಯುವುದಿದೆಯಲ್ಲ, ಅದಕ್ಕೆ ಬೇಕಾದದ್ದು ಗಣಿತಕ್ಕಿಂತ ಹೆಚ್ಚಾಗಿ ಹತ್ತಾರು ಜನರ ಒಮ್ಮನಸ್ಸು. ಒಬ್ಬನು ಮೂಲೆಯಲ್ಲಿ ಒಂದು ಬೆರಳಿನಷ್ಟು ತಪ್ಪಿದರೆ, ಮೇಲಿನ ಸಾಲಿನವನ ಕೆಲಸವೆಲ್ಲ ಕೆಡುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಈ ಸಹಕಾರದ ಇನ್ನೊಂದು ಮುಖ ಕಾಣುತ್ತದೆ. 1121ರ ಸುಮಾರಿಗೆ ಆರಂಭವಾದ ಆ ಗುಡಿಯ ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಎಂಟು ಪಟ್ಟಿಕೆಗಳಿವೆ. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆಯ ರಾವುತರು, ಮತ್ತೆ ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ. ಆನೆಗಳ ಸಾಲೊಂದೇ 700 ಅಡಿಗಳಿಗೆ ಮೀರಿದ್ದು, ಅದರಲ್ಲಿ 2000ಕ್ಕೆ ಕಡಿಮೆಯಿಲ್ಲದಷ್ಟು ಆನೆಗಳಿವೆಯೆಂದು ಫರ್ಗುಸನ್ ಎಂಬ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿ ಲೆಕ್ಕ ಹಾಕಿದ್ದರು. ಇಷ್ಟು ಆನೆಗಳನ್ನು ಒಬ್ಬ ಮಹಾಶಿಲ್ಪಿ ಕಡೆದನೆಂದು ಯಾರೂ ನಂಬಲಾರರು. ಇಲ್ಲಿ ಗುರುವೂ ಇದ್ದನು, ಶಿಷ್ಯನೂ ಇದ್ದನು. ಪಳಗಿದ ಕೈಯೂ ಇತ್ತು, ಕಲಿಯುವ ಕೈಯೂ ಇತ್ತು. ಗೋಡೆಯ ಮೇಲಣ ದೊಡ್ಡ ಮೂರ್ತಿಗಳ ಕೆಳಗೆ ಮಣಿಬಾಲಕಿ, ಮಾಬಲ, ಬಲ್ಲಣ, ಬೋಚಣ, ಕೇತಣ, ರೇವೋಜ ಮೊದಲಾದ ಹೆಸರುಗಳಿವೆ. ಆದರೆ ಆನೆಯ ಸಾಲಿನ ಹುಡುಗರಿಗೆ ಹೆಸರು ಬರೆಯುವ ಯೋಗ್ಯತೆ ಇನ್ನೂ ಬಂದಿರಲಿಲ್ಲವೋ ಏನೋ. ಎರಡು ಆನೆಗಳನ್ನು ಹತ್ತಿರ ನಿಂತು ನೋಡಿದರೆ, ಒಂದರ ಸೊಂಡಿಲು ಜೀವದಿಂದ ಬಾಗಿರುವುದೂ, ಇನ್ನೊಂದರದು ಸ್ವಲ್ಪ ಬಿಗಿದುಕೊಂಡಿರುವುದೂ ಕಣ್ಣಿಗೆ ಬೀಳುತ್ತವೆ. ಅಲ್ಲಿ ನಾವು ಒಬ್ಬ ಹುಡುಗನ ಕಲಿಕೆಯನ್ನೇ ನೋಡುತ್ತಿದ್ದೇವೆಂದು ಎಣಿಸಿದರೆ ತಪ್ಪಾಗದು.

ಆ ಗುಡಿಯ ಕೆಲಸ ಪೂರ್ತಿಯಾಗಲೇ ಇಲ್ಲ. ಅಲ್ಲಲ್ಲಿ ಕೆತ್ತದೆ ಬಿಟ್ಟ ಕಲ್ಲುಗಳಿವೆ. ಅರ್ಧ ಬಿಡಿಸಿದ ರೂಪಗಳಿವೆ. ನೋಡುವವರು ಅವುಗಳನ್ನು ದಾಟಿ ಮುಂದೆ ಹೋಗುತ್ತಾರೆ. ಕೆಲಸದ ಕ್ರಮವನ್ನು ತಿಳಿಯಬೇಕೆನ್ನುವವನಿಗಾದರೋ ಅವೇ ಪಾಠಶಾಲೆ. ಕಲ್ಲನ್ನು ಮೊದಲು ಚೌಕವಾಗಿ ತಂದು ಗೋಡೆಯಲ್ಲಿ ಕೂರಿಸುವುದು. ಆಮೇಲೆ ರೂಪದ ಹೊರಗೆರೆಯನ್ನು ಎತ್ತಿ ಸುತ್ತಲ ಕಲ್ಲನ್ನು ತೆಗೆಯುವುದು. ಕೈಕಾಲುಗಳ ಗುಂಡನ್ನು ತರುವುದು. ಕಟ್ಟಕಡೆಗೆ ಒಡವೆ, ಉಡುಗೆ, ಕಣ್ಣು, ಮೂಗು. ಹೀಗೆ ಒರಟಿನಿಂದ ನಯಕ್ಕೆ ಮೆಟ್ಟಲು ಮೆಟ್ಟಲಾಗಿ ಹೋಗುವ ಕೆಲಸವಾದುದರಿಂದ, ಒಂದೊಂದು ಮೆಟ್ಟಲಿಗೆ ಒಬ್ಬೊಬ್ಬನನ್ನು ನಿಲ್ಲಿಸುವುದು ಸಾಧ್ಯವಾಗುತ್ತಿತ್ತು. ಹೆಸರು ಬರೆದವನು ಕೊನೆಯ ಮೆಟ್ಟಲಿನವನು. ಅವನ ಹಿಂದೆ ಹೆಸರಿಲ್ಲದ ಮೂವರು ನಾಲ್ವರು ಇದ್ದಿರಬೇಕು.

ಇವರಿಗೆ ಅನ್ನ ಕೊಟ್ಟವರು ಯಾರು? ಅರಸನೊಬ್ಬನೇ ಅಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲಾದೇವಿಯದು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ವರ್ತಕನೊಬ್ಬನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದರು. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದನು. ಅಲ್ಲಿಯ ಕೇದಾರೇಶ್ವರ ಗುಡಿ ವೀರಬಲ್ಲಾಳನದು ಮತ್ತು ಅವನ ರಾಣಿ ಅಭಿನವ ಕೇತಲದೇವಿಯದು. ಅರಸೀಕೆರೆಗೆ ಹತ್ತಿರವಿರುವ ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು 1235ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಸೋದರರು ಕಟ್ಟಿಸಿದರು. ರಾಣಿ, ವರ್ತಕ, ದಂಡನಾಯಕ, ಊರ ಹೆಗ್ಗಡೆ; ಶೈವ, ವೈಷ್ಣವ, ಜೈನ: ಯಾರು ಕರೆದರೂ ರೂವಾರಿ ಹೋದನು. ಒಂದು ಗುಡಿ ಮುಗಿದರೆ ಇನ್ನೊಂದು ಗುಡಿಯ ಕರೆ ಬರುತ್ತಿತ್ತು. ಗುಡಿ ಮುಗಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ದತ್ತಿಶಾಸನಗಳಲ್ಲಿ ಪೂಜೆಗೆ, ಅನ್ನದಾನಕ್ಕೆ ಭೂಮಿ ಬಿಡುವಾಗ ಒಡೆದುದರ, ಬಿರಿದುದರ ಜೀರ್ಣೋದ್ಧಾರಕ್ಕೂ ಸೇರಿಸಿ ಬಿಡುತ್ತಿದ್ದರು. ಬೇಲೂರಿನ ತೆರೆದ ನವರಂಗಕ್ಕೆ ಜಾಲಂದ್ರಗಳನ್ನು ಕೂಡಿಸಿದ್ದು ಅರ್ಧ ಶತಮಾನಕ್ಕೂ ಮೇಲ್ಪಟ್ಟ ಕಾಲದ ನಂತರ, ವೀರಬಲ್ಲಾಳನ ಆಳ್ವಿಕೆಯಲ್ಲಿ. ಅಜ್ಜನು ಕಟ್ಟಿದ ಮಂಟಪಕ್ಕೆ ಮೊಮ್ಮಗನ ತಲೆಯವರು ಬೆಳಕಿನ ತೆರೆ ಕಟ್ಟಿದಂತಾಯಿತು.

ನೂರು ವರ್ಷಗಳಿಗೂ ಮೀರಿದ ಕಾಲದಲ್ಲಿ ಈ ಸಮುದಾಯದ ನಡೆ ಬದಲಾದುದನ್ನು ಸಹ ಅವರ ರುಜುಗಳೇ ತೋರಿಸುತ್ತವೆ. ಬೇಲೂರಿನ ರೂವಾರಿಗಳಲ್ಲಿ ಹೆಸರು, ತಂದೆ, ಊರು, ಬಿರುದು ಎಲ್ಲವನ್ನೂ ಬಿಡಿಸಿ ಬರೆದವರುಂಟು. 1258ರಲ್ಲಿ ಪ್ರತಿಷ್ಠಿತವಾದ ಸೋಮನಾಥಪುರದ ಕೇಶವ ದೇವಾಲಯಕ್ಕೆ ಬಂದರೆ, ಬರೆಹ ಕುಗ್ಗಿದೆ. ಅಲ್ಲಿಯ ಹೊರಗೋಡೆಯ 194 ಮೂರ್ತಿಗಳಲ್ಲಿ ಸುಮಾರು 40 ಮೂರ್ತಿಗಳು ಮಲ್ಲಿತಮ್ಮನವು. ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ಭರ್ಮಯ, ನಂಜಯ ಮೊದಲಾದವರು ಉಳಿದವರು. ಊರಿಲ್ಲ, ತಂದೆಯಿಲ್ಲ, ಬಿರುದಿಲ್ಲ. ಮಲ್ಲಿತಮ್ಮನು ಒಮ್ಮೊಮ್ಮೆ 'ಮಲ್ಲಿ' ಎಂದೂ, ಕೆಲವೊಮ್ಮೆ 'ಮ' ಎಂಬ ಒಂದೇ ಅಕ್ಷರವನ್ನೂ ಕೊರೆದು ಬಿಟ್ಟಿದ್ದಾನೆ. ಒಂದಕ್ಷರದ ರುಜುವು ಲೋಕಕ್ಕೆ ತನ್ನನ್ನು ಸಾರಿಕೊಳ್ಳುವವನದಲ್ಲ. ಇದು ನಾನು ಮುಗಿಸಿದ ಕಲ್ಲು ಎಂದು ಲೆಕ್ಕಕ್ಕೆ ಗುರುತು ಹಾಕಿದವನದೆಂದು ತೋರುತ್ತದೆ. ಮೊದಲು ದೂರದೂರುಗಳಿಂದ ಬಂದು ಕೂಡಿದ ಹೆಸರಾಂತ ಗುರುಗಳ ಕೂಟವಿತ್ತು. ಆಮೇಲೆ ಇದೇ ನಾಡಿನಲ್ಲಿ ಬೇರೂರಿ, ಒಬ್ಬರನ್ನೊಬ್ಬರು ಬಲ್ಲ, ಹೆಸರಿನ ಮೊದಲಕ್ಷರದಿಂದಲೇ ಗುರುತು ಹಿಡಿಯಬಲ್ಲ ಒಂದು ಬಳಗವಾಯಿತು.

ಈ ಮಲ್ಲಿತಮ್ಮನ ಹೆಸರು ಮೊದಲು ಕಾಣುವುದು 1196ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ. ಆಮೇಲೆ ನುಗ್ಗೇಹಳ್ಳಿ, ಅರಸೀಕೆರೆ ತಾಲ್ಲೂಕಿನ ಜಾವಗಲ್ಲು, ಸೋಮನಾಥಪುರ. ಅಮೃತಾಪುರದಿಂದ ಸೋಮನಾಥಪುರಕ್ಕೆ 62 ವರ್ಷ. ಇದು ಒಬ್ಬನದೇ ಕೈಯಾದರೆ, ಎಳೆಯ ವಯಸ್ಸಿನಲ್ಲಿ ಹಿಡಿದ ಉಳಿಯನ್ನು ಮುಪ್ಪಿನವರೆಗೂ ಕೆಳಗಿಡದ ಒಂದು ಅದ್ಭುತವಾದ ಬಾಳು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಂತೆ ಇಬ್ಬರದಾದರೆ, ಒಂದು ಮನೆತನವೇ ಮೂರು ತಲೆಮಾರು ಆ ಹೆಸರಿನ ಮಾನವನ್ನು ಕಾಪಾಡಿದಂತಾಯಿತು. ಯಾವುದಾದರೂ ಜಕಣಾಚಾರಿಯ ಕಥೆಗಿಂತ ಕಡಿಮೆಯಾದುದಲ್ಲ.

1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದಿತು. ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಹೊಯ್ಸಳರ ರಾಜ್ಯವು ಅಳಿಯಿತು. ಕಟ್ಟಿಸುವವರಿಲ್ಲದೆ ಕಟ್ಟುವವರ ಕೂಟ ಚೆದರಿತು. ಓದುವವರಿಲ್ಲದೆ ರುಜುಗಳು ಬರಿಯ ಗೀರುಗಳಾಗಿ ಉಳಿದುವು. ಅವು ಮತ್ತೆ ಹೆಸರುಗಳಾದದ್ದು ಆಗಿನ ನಮ್ಮ ಸಂಸ್ಥಾನದ ಪ್ರಾಕ್ತನ ಇಲಾಖೆಯವರ ಪರಿಶ್ರಮದಿಂದ. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಪ್ರಕಟಿಸಿದರು. ಅವರ ತರುವಾಯ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರವನ್ನೂ 1919ರಲ್ಲಿ ಬೇಲೂರನ್ನೂ ಕುರಿತು ಗ್ರಂಥಗಳನ್ನು ಬರೆದು, ಯಾವ ಮೂರ್ತಿ ಯಾರದೆಂಬುದನ್ನು ಗೋಡೆಗೋಡೆಯಾಗಿ ನಿಂತು ಗುರುತಿಸಿದರು. ಕವಿಗಳ ಚರಿತ್ರೆಯನ್ನು ಬರೆದ ಕೈಯೇ ಕಲ್ಲುಕುಟಿಗರ ಹೆಸರನ್ನೂ ಬರೆದುಕೊಂಡಿತೆಂಬುದು ನೆನೆಯತಕ್ಕ ಮಾತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನೋಡಲು ಬರುವವರು ಹೆಚ್ಚಿದ್ದಾರೆ. ಹೀಗಿರಲು, ಗುಡಿಯನ್ನು ಕಾಪಾಡುವುದರೊಡನೆ ಅದನ್ನು ಕಟ್ಟಿದವರ ಹೆಸರನ್ನು ಕಾಪಾಡುವುದೂ ನಮ್ಮ ಮೇಲಿನ ಹೊಣೆಯಾಗಿದೆ. ಜಕಣಾಚಾರಿಯ ಕಥೆಯನ್ನು ಮಕ್ಕಳಿಗೆ ಹೇಳಬೇಡಿರೆಂದು ನಾನು ಹೇಳುವುದಿಲ್ಲ. ಕಥೆಯನ್ನು ಹೇಳಿ; ಹೇಳಿದ ಮೇಲೆ ದಾಸೋಜನ ಹೆಸರನ್ನೂ ಚಾವಣನ ಹೆಸರನ್ನೂ ಹೇಳಿ. ಹಳಗನ್ನಡದ ಲಿಪಿಯಾದುದರಿಂದ ಅಕ್ಷರಗಳು ಮೊದಲು ಅಪರಿಚಿತವೆನಿಸಿದರೂ ಸ್ವಲ್ಪ ಹೊತ್ತು ನಿಂತು ನೋಡಿದರೆ ಕೆಲವನ್ನಾದರೂ ಕೂಡಿಸಿ ಓದಬಹುದು. ಅಕ್ಷರ ಕಾಣಲೆಂದು ಬಳಪದಿಂದ ತೀಡುವುದಾಗಲಿ, ಬೆರಳಿನಿಂದ ಉಜ್ಜುವುದಾಗಲಿ ಮಾಡಬಾರದು. ಒಂಬತ್ತು ನೂರು ವರ್ಷ ಉಳಿದ ಗೆರೆ ನಮ್ಮ ಅಕ್ಕರೆಯಿಂದಲೇ ಅಳಿಯಬಾರದಷ್ಟೆ.

ಇನ್ನೊಂದು ಮಾತು. ನಮ್ಮ ನಾಡಿನಲ್ಲಿ ಕಲ್ಲು, ಮರ, ಕಂಚುಗಳಲ್ಲಿ ರೂಪ ಬಿಡಿಸುವವರು ಈಗಲೂ ಇದ್ದಾರೆ. ಅವರ ಕೆಲಸವು ಅಂಗಡಿಯಲ್ಲಿ ಮಾರಾಟಕ್ಕೆ ಬಂದಾಗ ಅದರ ಮೇಲೆ ಬೆಲೆಯ ಚೀಟಿ ಇರುತ್ತದೆ, ಅಂಗಡಿಯ ಹೆಸರು ಇರುತ್ತದೆ. ಮಾಡಿದವನ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅರಸರ ಕಾಲದ ಶಿಲ್ಪಿಗೆ ದೇವರ ಪೀಠದ ಮೇಲೆ ತನ್ನ ಹೆಸರನ್ನು ಬರೆಯುವ ಹಕ್ಕಿತ್ತು. ಪ್ರಜೆಗಳ ಕಾಲದ ಶಿಲ್ಪಿಗೆ ತಾನು ಮಾಡಿದ ಬೊಂಬೆಯ ಅಡಿಯಲ್ಲಿಯೂ ಆ ಹಕ್ಕು ದೊರೆಯದೆ ಹೋದರೆ ನಾವು ಮುಂದುವರಿದೆವೆನ್ನುವುದು ಹೇಗೆ? ವಿಗ್ರಹವನ್ನು ಕೊಳ್ಳುವ ಗೃಹಸ್ಥರು, ಅದನ್ನು ಕಡೆದವರಿಂದ ಅದರ ತಳದಲ್ಲಿ ಹೆಸರನ್ನೂ ಊರನ್ನೂ ಬರೆಯಿಸಿಕೊಳ್ಳುವುದನ್ನು ಒಂದು ಪದ್ಧತಿಯಾಗಿ ಮಾಡಿಕೊಂಡರೆ ಅದಕ್ಕೆ ಖರ್ಚೇನೂ ತಗಲುವುದಿಲ್ಲ. ಮಲ್ಲಿತಮ್ಮನಂತೆ ಒಂದೇ ಅಕ್ಷರವಾದರೂ ಸಾಕು.